ಜಾವಾಸ್ಕ್ರಿಪ್ಟ್ ಬಲ್ಲವರಿಗೆ ಡೆಸ್ಕ್‌ಟಾಪ್ ಆ್ಯಪ್: ಮಗ್ಗದ ಲೆಕ್ಕ ಬರೆಯುತ್ತ ಕಲಿಯುವ ಬಗೆ

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ, ಇಳಕಲ್ಲ, ರಬಕವಿ-ಬನಹಟ್ಟಿಗಳಲ್ಲಿ ನೇಕಾರರಿಗೆ ನೂಲು ಕೊಟ್ಟು ನೇಯ್ದ ಮಾಲು ಪಡೆಯುವ ಮಾಲೀಕರ ವಹಿಯಲ್ಲಿ ಮುಖ್ಯವಾಗಿ ಇರುವುದು ಯಾರಿಗೆ ಎಷ್ಟು ನೂಲು ಹೋಯಿತು, ಎಷ್ಟು ಖಣ ಅಥವಾ ಸೀರೆ ಬಂದವು, ಮಜೂರಿಯಲ್ಲಿ ಎಷ್ಟು ಮುಂಗಡ ಮುರಿಯಿತು ಎಂಬ ಲೆಕ್ಕ. ಇಂಟರ್ನೆಟ್ ಇರಲಿ ಬಿಡಲಿ ನಡೆಯಬೇಕಾದ, ಪಕ್ಕದ ಪ್ರಿಂಟರಿನಿಂದ ಕೂಡಲೇ ಚೀಟಿ ಬರಬೇಕಾದ ಇಂಥ ಕೆಲಸಕ್ಕೆ ವೆಬ್‌ಸೈಟಿಗಿಂತ ಕಂಪ್ಯೂಟರಿನಲ್ಲೇ ಕೂರುವ ಆ್ಯಪ್ ಹೆಚ್ಚು ಹೊಂದುತ್ತದೆ. ವೆಬ್ ಪುಟ ಕಟ್ಟುವಷ್ಟು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಬಲ್ಲ ಬಿಸಿಎ ಅಥವಾ ಡಿಪ್ಲೊಮಾ ವಿದ್ಯಾರ್ಥಿ ಹೊಸ ಭಾಷೆ ಕಲಿಯದೆಯೇ ಇದನ್ನು ಬರೆಯಬಹುದು. ಪರದೆಯ ಮೇಲೆ ಕಿಟಕಿ ಮೂಡಿಸುವುದು ಸುಲಭ. ಬರೆದ ಲೆಕ್ಕ ಕೆಡದಂತೆ ನೋಡಿಕೊಳ್ಳುವುದೇ ಇಲ್ಲಿನ ನಿಜವಾದ ಕೆಲಸವಾದ್ದರಿಂದ ಈ ಬರಹ ಹೆಚ್ಚಾಗಿ ಅದರ ಮೇಲೆಯೇ ನಿಲ್ಲುತ್ತದೆ.

ಉಪಕರಣವಾಗಿ ಎಲೆಕ್ಟ್ರಾನ್ ಅನ್ನು ಆರಿಸಿಕೊಳ್ಳೋಣ. ಗಿಟ್‌ಹಬ್ ಸಂಸ್ಥೆ ತನ್ನ ಆ್ಯಟಮ್ ಎಡಿಟರಿಗಾಗಿ 2013ರಲ್ಲಿ ಆರಂಭಿಸಿದ ಆ್ಯಟಮ್ ಶೆಲ್ ಎಂಬ ಚೌಕಟ್ಟಿಗೆ 2015ರಲ್ಲಿ ಈ ಹೆಸರು ಬಂತು. ಪುಟ ತೋರಿಸಲು ಮತ್ತು ಮುದ್ರಿಸಲು ಕ್ರೋಮಿಯಂ ಬ್ರೌಸರ್, ಕಡತ ಬರೆಯುವಂಥ ಹೊರಗಿನ ಕೆಲಸಕ್ಕೆ ಬ್ರೌಸರಿನ ಹೊರಗೂ ಜಾವಾಸ್ಕ್ರಿಪ್ಟ್ ನಡೆಸುವ ನೋಡ್ ಜೆಎಸ್, ಇವೆರಡನ್ನೂ ಅದು ಒಂದೇ ಪೊಟ್ಟಣದಲ್ಲಿ ಕೊಡುತ್ತದೆ. ನೀವು ಕೋಡ್ ಬರೆಯಲು ತೆರೆಯುವ ವಿಎಸ್ ಕೋಡ್ ಕೂಡ ಎಲೆಕ್ಟ್ರಾನ್‌ನಿಂದಲೇ ಆದದ್ದು. ಇಡೀ ಬ್ರೌಸರನ್ನೇ ಹೊತ್ತು ತರುವುದರಿಂದ ಖಾಲಿ ಕಿಟಕಿಯ ಆ್ಯಪ್ ಸಹ ಡಿಸ್ಕ್‌ನಲ್ಲಿ 100 ಎಂಬಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಕಂಪ್ಯೂಟರಿನಲ್ಲಿ ಮೊದಲೇ ಇರುವ ವೆಬ್‌ವ್ಯೂ (ವೆಬ್ ಪುಟ ತೋರಿಸುವ ಭಾಗ) ಬಳಸುವ ಟೌರಿ ಎಂಬ ಇನ್ನೊಂದು ಚೌಕಟ್ಟು ಬಹಳ ಹಗುರ, ಆದರೆ ಅದರ ಹಿಂಬದಿ ರಸ್ಟ್ ಭಾಷೆಯದ್ದು. ಎರಡು ಭಾಷೆಗಳನ್ನು ಒಟ್ಟಿಗೆ ಕಲಿಯುವ ಉಸಾಬರಿ ಮೊದಲ ಪ್ರಯತ್ನದಲ್ಲಿ ಬೇಡ ಎಂಬುದು ನನ್ನ ಅಭಿಪ್ರಾಯ. ಕೋಡ್ ಬರೆಯುವ ಮೊದಲು ಮಾಲೀಕರ ಕಂಪ್ಯೂಟರನ್ನು ಒಮ್ಮೆ ನೋಡಿ ಬನ್ನಿ. ಅದರಲ್ಲಿ ಇನ್ನೂ ವಿಂಡೋಸ್ 7 ಇದ್ದರೆ 2023ರಲ್ಲಿ ಬಂದ ಎಲೆಕ್ಟ್ರಾನ್ 23 ಮತ್ತು ಅದರ ನಂತರದ ಯಾವ ಆವೃತ್ತಿಯೂ ಅಲ್ಲಿ ನಡೆಯುವುದಿಲ್ಲ.

ನೋಡ್ ಜೆಎಸ್ ಸ್ಥಾಪಿಸಿ, ಹೊಸ ಫೋಲ್ಡರಿನಲ್ಲಿ ಎನ್‌ಪಿಎಂ ಇನಿಟ್ ಆದೇಶ ಕೊಟ್ಟು, ಎಲೆಕ್ಟ್ರಾನ್ ಅನ್ನು ಅಭಿವೃದ್ಧಿಯ ಅವಲಂಬನೆಯಾಗಿ ಸೇರಿಸಿಕೊಳ್ಳಿ. ಪ್ಯಾಕೇಜ್ ಡಾಟ್ ಜೇಸನ್ ಕಡತದ ಮೇನ್ ಎಂಬ ಕಲಮು ನಿಮ್ಮ ಮುಖ್ಯ ಕಡತವನ್ನು ಸೂಚಿಸಬೇಕು. ಆ ಕಡತದಲ್ಲಿ ಆ್ಯಪ್ ಸಿದ್ಧವಾದ ಮೇಲೆ ಬ್ರೌಸರ್‌ವಿಂಡೋ ಒಂದನ್ನು ರಚಿಸಿ, ಲೋಡ್‌ಫೈಲ್ ಮೂಲಕ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಪುಟವನ್ನು ಅದರಲ್ಲಿ ತೆರೆದರೆ ಕಿಟಕಿ ಬಂದುಬಿಡುತ್ತದೆ.

ಇನ್ನು ಮುಂದಿನದ್ದಕ್ಕೆ ಸಾವಧಾನ ಬೇಕು. ಎಲೆಕ್ಟ್ರಾನ್‌ನಲ್ಲಿ ಕಡತ ಬರೆಯುವ ಅಧಿಕಾರ ಮುಖ್ಯ ಕಡತವನ್ನು ನಡೆಸುವ ಮುಖ್ಯ ಪ್ರಕ್ರಿಯೆಗೆ ಮಾತ್ರ. ಪುಟವನ್ನು ತೋರಿಸುವ ರೆಂಡರರ್ ಪ್ರಕ್ರಿಯೆಗೆ ಅದು ಸಹಜವಾಗಿ ಇರುವುದಿಲ್ಲ, ಮತ್ತು ಇರಲೂಬಾರದು. ನೋಡ್‌ಇಂಟಿಗ್ರೇಶನ್ ಎಂಬ ಆಯ್ಕೆಯನ್ನು ಟ್ರೂ ಮಾಡಿ, ಕಾಂಟೆಕ್ಸ್ಟ್‌ಐಸೋಲೇಶನ್ ಅನ್ನು ಫಾಲ್ಸ್ ಮಾಡಿ ಪುಟದಿಂದಲೇ ಎಲ್ಲವನ್ನೂ ಮಾಡಿಸುವ ಪಾಠಗಳು ಇಂದಿಗೂ ಸಿಗುತ್ತವೆ. ಅವು ಹಳೆಯವು, ಅವುಗಳನ್ನು ಅನುಸರಿಸಬೇಡಿ. ಮುಖ್ಯ ಮತ್ತು ರೆಂಡರರ್ ಪ್ರಕ್ರಿಯೆಗಳ ನಡುವಿನ ಸೇತುವೆ ಪ್ರೀಲೋಡ್ ಎಂಬ ಮೂರನೆಯ ಕಡತ. ಅದರಲ್ಲಿ ಕಾಂಟೆಕ್ಸ್ಟ್‌ಬ್ರಿಜ್ ಬಳಸಿ ಪುಟಕ್ಕೆ ಬೇಕಾದ ಫಂಕ್ಷನ್‌ಗಳನ್ನು ಮಾತ್ರ, ಉದಾಹರಣೆಗೆ ನೂಲುಕೊಡು, ಮಾಲುಪಡೆ, ಖಾತೆತೋರಿಸು ಎಂಬಂಥವನ್ನು, ಒಡ್ಡಬೇಕು. ಪುಟವು ನೂಲುಕೊಡು ಎಂದು ಕರೆದಾಗ ಪ್ರೀಲೋಡ್ ಐಪಿಸಿರೆಂಡರರ್‌ನ ಇನ್ವೋಕ್ ಮೂಲಕ ಸಂದೇಶ ಕಳಿಸುತ್ತದೆ. ಮುಖ್ಯ ಪ್ರಕ್ರಿಯೆಯ ಐಪಿಸಿಮೇನ್ ಹ್ಯಾಂಡಲ್ ಅದನ್ನು ಹಿಡಿದು, ಪರೀಕ್ಷಿಸಿ, ಬರೆದು, ಉತ್ತರವನ್ನು ಪ್ರಾಮಿಸ್ ಆಗಿ ಹಿಂದಿರುಗಿಸುತ್ತದೆ. ಪರೀಕ್ಷೆ ಪುಟದಲ್ಲಿ ಆಗಿದ್ದರೂ ಇಲ್ಲಿ ಮತ್ತೊಮ್ಮೆ ಆಗಲೇಬೇಕು. ‘ಈ ದಾರಿಯ ಕಡತ ತೆರೆ’ ಎಂಬಂಥ ಸರ್ವಾಧಿಕಾರದ ಫಂಕ್ಷನ್ ಒಂದನ್ನು ಸೇತುವೆಯ ಮೇಲೆ ಇಟ್ಟರೆ ಸೇತುವೆ ಕಟ್ಟಿದ್ದೇ ವ್ಯರ್ಥವಾಗುತ್ತದೆ.

ಲೆಕ್ಕದ ಕಡತವನ್ನು ಆ್ಯಪ್ ಸ್ಥಾಪನೆಯಾದ ಫೋಲ್ಡರಿನಲ್ಲಿ ಇಡಬಾರದು. ಗೆಟ್‌ಪಾತ್ ಫಂಕ್ಷನ್‌ಗೆ ಯೂಸರ್‌ಡೇಟಾ ಎಂದು ಕೇಳಿದರೆ ಸಿಗುವ ತಾಣವೇ ಸರಿಯಾದದ್ದು. ಆರಂಭಕ್ಕೆ ಜೇಸನ್ ಕಡತ ಸಾಕು, ಆದರೆ ಕರೆಂಟು ಯಾವಾಗ ಹೋದೀತೆಂಬ ಖಾತ್ರಿ ಇಲ್ಲದ ಕಡೆ ಅದನ್ನು ಬರೆಯುವ ಕ್ರಮಕ್ಕೆ ಬಹಳ ಮಹತ್ವವಿದೆ. ಇರುವ ಕಡತದ ಮೇಲೆಯೇ ನೇರವಾಗಿ ಬರೆಯುತ್ತಿರುವಾಗ ಯಂತ್ರ ಆರಿದರೆ ಅರ್ಧ ಬರೆದ ಜೇಸನ್ ಮಾತ್ರ ಉಳಿಯುತ್ತದೆ, ಅದು ಮತ್ತೆ ತೆರೆಯುವುದಿಲ್ಲ. ಆದ್ದರಿಂದ ಮೊದಲು ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಹೆಸರಿನ ಕಡತಕ್ಕೆ ಪೂರ್ತಿ ಬರೆದು, ಸಿಂಕ್ ಫಂಕ್ಷನ್‌ನಿಂದ ಅದು ಡಿಸ್ಕ್‌ಗೆ ಇಳಿಯುವಂತೆ ಮಾಡಿ, ಆಮೇಲೆ ರಿನೇಮ್ ಮೂಲಕ ಹಳೆಯದರ ಜಾಗಕ್ಕೆ ತನ್ನಿ. ಹೀಗೆ ಮಾಡಿದಾಗ ನಡುವೆ ಕರೆಂಟು ಹೋದರೂ ಹಳೆಯ ಲೆಕ್ಕವೋ ಹೊಸ ಲೆಕ್ಕವೋ ಒಂದು ಇಡಿಯಾಗಿ ಉಳಿಯುತ್ತದೆ. ನೇಕಾರರ ಸಂಖ್ಯೆ ನೂರು ದಾಟಿ ವರ್ಷಗಳ ದಾಖಲೆ ಕೂಡುತ್ತ ಹೋದರೆ ಎಸ್‌ಕ್ಯೂಲೈಟ್‌ಗೆ ದಾಟಿಕೊಳ್ಳಿ; ಅದು ಒಂದೇ ಕಡತದಲ್ಲಿ ಕೂರುವ ಡೇಟಾಬೇಸ್, ಈ ಎಚ್ಚರವನ್ನೆಲ್ಲ ಅದು ತಾನೇ ವಹಿಸುತ್ತದೆ.

ಇನ್ನೊಂದು ಗಂಡಾಂತರ ಐಕಾನ್‌ನದು. ಆ್ಯಪ್ ತೆರೆಯುವುದು ತಡವಾಯಿತೆಂದು ಅವಸರದಲ್ಲಿ ಮತ್ತೆ ಮತ್ತೆ ಒತ್ತಿದರೆ ಎರಡು ಪ್ರತಿಗಳು ತೆರೆದು ಒಂದೇ ಕಡತದ ಮೇಲೆ ಬರೆಯತೊಡಗುತ್ತವೆ, ಮತ್ತು ಕೊನೆಗೆ ಬರೆದದ್ದು ಮೊದಲಿನದನ್ನು ಅಳಿಸುತ್ತದೆ. ಆರಂಭದಲ್ಲೇ ರಿಕ್ವೆಸ್ಟ್‌ಸಿಂಗಲ್‌ಇನ್‌ಸ್ಟನ್ಸ್‌ಲಾಕ್ ಕರೆದು, ಬೀಗ ಸಿಗದಿದ್ದರೆ ಆ್ಯಪ್ ಮುಚ್ಚಿಬಿಡಿ.

ಜಾವಾಸ್ಕ್ರಿಪ್ಟ್‌ನ ಎರಡು ಸ್ವಭಾವಗಳು ಮಜೂರಿಯ ಲೆಕ್ಕವನ್ನು ನೇರವಾಗಿ ತಟ್ಟುತ್ತವೆ. ಈ ಭಾಷೆಯಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಬರುತ್ತದೆ, ಹಾಗಾಗಿ ಹಣವನ್ನು ಪೈಸೆಯಲ್ಲೂ ನೂಲಿನ ತೂಕವನ್ನು ಗ್ರಾಂನಲ್ಲೂ ಪೂರ್ಣಾಂಕವಾಗಿ ಇಟ್ಟು, ತೋರಿಸುವಾಗ ಮಾತ್ರ ರೂಪಾಯಿ, ಕಿಲೋಗಳಿಗೆ ತನ್ನಿ. ಇನ್ನೊಂದು ತಾರೀಕಿನದು. ಟುಐಎಸ್‌ಒಸ್ಟ್ರಿಂಗ್ ಕೊಡುವ ದಿನಾಂಕ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದ್ದು, ಭಾರತದ ಸಮಯ ಅದಕ್ಕಿಂತ ಐದೂವರೆ ತಾಸು ಮುಂದು. ಬೆಳಗಿನ 5:30ಕ್ಕೆ ಮೊದಲೇ ಮಾಲು ಇಳಿಸಿಕೊಂಡು ನಮೂದಿಸಿದರೆ ಅದು ಹಿಂದಿನ ದಿನದ ಖಾತೆಗೆ ಬೀಳುತ್ತದೆ. ವರ್ಷ, ತಿಂಗಳು, ದಿನವನ್ನು ಸ್ಥಳೀಯ ಸಮಯದಿಂದ ಬೇರೆ ಬೇರೆಯಾಗಿ ತೆಗೆದುಕೊಳ್ಳಿ, ತಿಂಗಳ ಎಣಿಕೆ ಸೊನ್ನೆಯಿಂದ ಶುರುವಾಗುವುದು ನೆನಪಿರಲಿ.

ಹೆಸರುಗಳನ್ನು ಕನ್ನಡದಲ್ಲೇ ಇಡಿ. ಆದರೆ ‘ಗುಳೇದಗುಡ್ಡ’ ಎಂಬ ಐದು ಅಕ್ಷರಗಳ ಪದಕ್ಕೆ ಲೆಂಗ್ತ್ ಕೇಳಿದರೆ 10 ಎಂಬ ಉತ್ತರ ಬರುತ್ತದೆ, ಏಕೆಂದರೆ ಯೂನಿಕೋಡ್‌ನಲ್ಲಿ ಗುಣಿತದ ಚಿಹ್ನೆಗಳೂ ವಿರಾಮ ಎಂಬ ‘್’ ಚಿಹ್ನೆಯೂ ಒತ್ತಿನ ವ್ಯಂಜನವೂ ಬೇರೆ ಬೇರೆ ಎಣಿಕೆಯಾಗುತ್ತವೆ. ಚೀಟಿಯ ಅಂಕಣಕ್ಕೆ ಹೊಂದಿಸಲು ಹೆಸರನ್ನು ಎಣಿಸಿ ಕತ್ತರಿಸಿದರೆ ಒತ್ತಕ್ಷರ ನಡುವೆ ಸೀಳಿ ‘ಗುಳೇದಗುಡ್’ ಆದೀತು. ಆ ಕೆಲಸವನ್ನು ಸಿಎಸ್‌ಎಸ್‌ಗೆ ಬಿಡಿ. ‘ೇ’, ‘ೋ’ದಂಥ ಸ್ವರಚಿಹ್ನೆಗಳು ಎರಡು ರೀತಿಯಲ್ಲಿ ದಾಖಲಾಗಬಹುದಾದ್ದರಿಂದ, ಉಳಿಸುವಾಗಲೂ ಹುಡುಕುವಾಗಲೂ ಹೆಸರನ್ನು ನಾರ್ಮಲೈಜ್ ಫಂಕ್ಷನ್‌ನ ಮೂಲಕ ಹಾಯಿಸಿ. ಹಳೆಯ ದಾಖಲೆ ಯೂನಿಕೋಡ್ ಅಲ್ಲದ ನುಡಿ ಅಕ್ಷರವಿನ್ಯಾಸದಲ್ಲಿದ್ದರೆ ಮೊದಲು ಅದನ್ನು ಪರಿವರ್ತಿಸಿಕೊಳ್ಳಬೇಕು.

ಚೀಟಿ ಮುದ್ರಿಸಲು ಮುಖ್ಯ ಪ್ರಕ್ರಿಯೆಯಿಂದ ವೆಬ್‌ಕಂಟೆಂಟ್ಸ್‌ನ ಪ್ರಿಂಟ್ ಕರೆಯಿರಿ. ಸೈಲೆಂಟ್ ಆಯ್ಕೆ ಕೊಟ್ಟರೆ ಸಂವಾದದ ಕಿಟಕಿ ಬಾರದೆ ಕಾಗದ ನೇರ ಹೊರಬರುತ್ತದೆ. ಒಟ್ಟು ಮೊತ್ತಗಳನ್ನು ಇಂಟ್ಲ್ ನಂಬರ್‌ಫಾರ್ಮ್ಯಾಟ್‌ಗೆ ಇಂಗ್ಲಿಷ್-ಭಾರತದ ಸಂಕೇತ ಕೊಟ್ಟು ಬರೆಸಿದರೆ 1,25,000 ಎಂದು ಲಕ್ಷದ ಕ್ರಮದಲ್ಲೇ ಬರುತ್ತದೆ.

ಕೊನೆಗೆ ಎಲೆಕ್ಟ್ರಾನ್ ಫೋರ್ಜ್ ಅಥವಾ ಎಲೆಕ್ಟ್ರಾನ್ ಬಿಲ್ಡರ್‌ನಿಂದ ಸ್ಥಾಪಕ ಕಡತ ತಯಾರಿಸಿ. ಅದಕ್ಕೆ ಡಿಜಿಟಲ್ ಸಹಿ ಇಲ್ಲದಿದ್ದರೆ ವಿಂಡೋಸ್ ಅಪರಿಚಿತ ಪ್ರಕಾಶಕರೆಂದು ತಡೆಯುವ ಸಂಭವ ಹೆಚ್ಚು. ಸಹಿಯ ಪ್ರಮಾಣಪತ್ರಕ್ಕೆ ಹಣ ತೆರಬೇಕು, ಒಂದೆರಡು ಅಂಗಡಿಗಳಿಗೆ ಕೊಡುವುದಾದರೆ ನೀವೇ ಹೋಗಿ ಸ್ಥಾಪಿಸಿಕೊಡುವುದು ಮೇಲು. ಹೋದಾಗ ಲೆಕ್ಕದ ಕಡತವನ್ನು ಪೆನ್ ಡ್ರೈವಿಗೆ ನಕಲಿಸುವ ಗುಂಡಿಯೊಂದನ್ನು ಪರದೆಯ ಮೇಲೆ ತೋರಿಸಿಕೊಡಿ, ಮತ್ತು ಮೊದಲ ಕೆಲವು ತಿಂಗಳು ಮಾಲೀಕರು ಕಾಗದದ ವಹಿಯನ್ನೂ ಜೊತೆಗೆ ಬರೆಯಲಿ. ವಾರಕ್ಕೊಮ್ಮೆ ಎರಡನ್ನೂ ತಾಳೆ ನೋಡಿದರೆ ನಿಮ್ಮ ಕೋಡ್‌ನ ದೋಷಗಳು ಬಟವಾಡೆಗೆ ಮೊದಲೇ ಸಿಕ್ಕುತ್ತವೆ.