ಡ್ರೈಯರ್ ಪೈಪಿನೊಳಗೆ ನನಗೆ ಕಂಡಿದ್ದು

ಬಟ್ಟೆ ಒಣಗಿಸುವ ನಮ್ಮ ಡ್ರೈಯರ್‌ನಲ್ಲಿ ಟವೆಲ್‌ಗಳು ಮುಕ್ಕಾಲು ಗಂಟೆಯಲ್ಲಿ ಗರಿಗರಿಯಾಗಿ ಒಣಗುತ್ತಿದ್ದವು. ಬರುಬರುತ್ತಾ ಒಂದು ಗಂಟೆ ಬೇಕಾಯಿತು. ಆಮೇಲೆ ಎರಡು ಸಲ ಓಡಿಸಬೇಕಾಯಿತು. ಮೆಷಿನ್ ಹಳೆಯದಾಯಿತು ಅಂದುಕೊಂಡೆ. ಪ್ರತಿ ಸಲವೂ ಬಟ್ಟೆಯಿಂದ ಉದುರಿ ಫಿಲ್ಟರ್ ಮೇಲೆ ಕೂತ ಜುಂಗು ತೆಗೆಯುತ್ತಿದ್ದೆನಲ್ಲ, ಗಾಳಿ ಕಟ್ಟಿಕೊಂಡಿರಬಹುದು ಅಂತ ಹೊಳೆಯಲೇ ಇಲ್ಲ.

ಒಂದು ದಿನ ಡ್ರೈಯರ್ ಮೇಲೆ ಕೈ ಇಟ್ಟರೆ ಚುರ್ ಅಂದಿತು. ಹೊರಗೆ ಹೋಗಿ ನೋಡಿದೆ. ಡ್ರೈಯರಿನ ಬಿಸಿಗಾಳಿ ಪೈಪಿನಿಂದ ಹೊರಬರುವಾಗ ತೆರೆದುಕೊಳ್ಳಬೇಕಾದ ಗೋಡೆಯ ಮುಚ್ಚಳ ಮಿಸುಕುತ್ತಲೂ ಇಲ್ಲ. ಕೈ ಒಡ್ಡಿದರೆ ಉಸಿರು ತಾಕಿದಷ್ಟು ಗಾಳಿ.

ಪ್ಲಗ್ ತೆಗೆದು, ಡ್ರೈಯರನ್ನು ಮುಂದಕ್ಕೆ ಎಳೆದು ಪೈಪ್ ಬಿಚ್ಚಿದೆ. ತಿರುವಿನಲ್ಲಿ ಬೂದು ಬಣ್ಣದ ಕಂಬಳಿ ತುಂಡಿನಂಥದ್ದು ಒತ್ತಾಗಿ ಕೂತಿತ್ತು. ಎಳೆದರೆ ಹಾಳೆಹಾಳೆಯಾಗಿ ಬಂತು. ಪೈಪಿನ ಒಳಮೈಗೆ ಅಂಟಿದ ಪದರ ಒದ್ದೆ, ಮೇಲಿನದು ಹಿಂಜಿದ ಅರಳೆಯಷ್ಟು ಹಗುರ. ಇಂಥ ಒಣ ಜುಂಗಿಗೆ ಒಂದು ಕಿಡಿ ಸಾಕು. ಅದು ಕೂತಿದ್ದದ್ದು ಬಿಸಿಗಾಳಿಯ ದಾರಿಯಲ್ಲೇ. ನಿಜಕ್ಕೂ ಭಯವಾಯಿತು.

ಫಿಲ್ಟರ್ ಎಲ್ಲವನ್ನೂ ಹಿಡಿಯುವುದಿಲ್ಲ. ಸಣ್ಣ ನಾರು ತಪ್ಪಿಸಿಕೊಂಡು ತೇವದ ಗಾಳಿಯ ಜೊತೆ ಪೈಪಿಗೆ ಹೋಗುತ್ತದೆ. ಸುಕ್ಕುಸುಕ್ಕಾದ ಕಡೆ, ತಿರುವಿದ್ದ ಕಡೆ ಅಂಟಿಕೊಳ್ಳುತ್ತದೆ. ನಮ್ಮದು ಸುಕ್ಕಿನ ಪ್ಲಾಸ್ಟಿಕ್ ಪೈಪ್. ಬೆಂಕಿ ಬಿದ್ದರೆ ಪ್ಲಾಸ್ಟಿಕ್ಕೂ ಉರಿಯುತ್ತದೆ, ಹಾಗಾಗಿ ಅದನ್ನು ಎಸೆದೆ.

ಗೋಡೆಯೊಳಗಿನ ಲೋಹದ ಪೈಪಿಗೆ ಉದ್ದ ಕಡ್ಡಿಯ ಬ್ರಷ್ ತಂದೆ. ಕಡ್ಡಿಗಳನ್ನು ಒಂದಕ್ಕೊಂದು ತಿರುಪಿ ಸೇರಿಸುವ ಬ್ರಷ್ ಅದು. ಒಳಗೆ ಹಾಕಿದ ಮೇಲೆ ತಿರುಪು ಬಿಗಿಯಾಗುವ ದಿಕ್ಕಿಗೇ ತಿರುಗಿಸಬೇಕು. ಉಲ್ಟಾ ತಿರುಗಿಸಿದರೆ ಬ್ರಷ್ ಬಿಚ್ಚಿಕೊಂಡು ಪೈಪಿನೊಳಗೇ ಉಳಿಯುತ್ತದೆ. ಒಳಗಿನಿಂದ ಒಮ್ಮೆ, ಹೊರಗಿನಿಂದ ಒಮ್ಮೆ ಉಜ್ಜಿ, ಉದುರಿದ್ದನ್ನು ವ್ಯಾಕ್ಯೂಮ್‌ನಿಂದ ಎಳೆದೆ.

ಪ್ಲಾಸ್ಟಿಕ್ ಇದ್ದ ಕಡೆ 4 ಇಂಚಿನ ನುಣುಪಾದ ಲೋಹದ ಪೈಪ್ ಹಾಕಿದೆ. ಜೋಡಣೆಗೆ ಸ್ಕ್ರೂ ಬಳಸಲಿಲ್ಲ. ಒಳಗೆ ಚಾಚಿದ ಸ್ಕ್ರೂ ತುದಿಗೆ ಜುಂಗು ಸಿಕ್ಕಿಕೊಂಡು ಬೆಳೆಯುತ್ತದೆ. ಸುತ್ತಲೂ ಅಲ್ಯೂಮಿನಿಯಂ ಟೇಪ್ ಸುತ್ತಿದೆ. ಬಟ್ಟೆಯ ಟೇಪ್ ಬಿಸಿಗೆ ಬಿಟ್ಟುಕೊಳ್ಳುತ್ತದೆ. ಒಂದು ತಿರುವನ್ನೂ ಕಡಿಮೆ ಮಾಡಿದೆ, ಏಕೆಂದರೆ 90 ಡಿಗ್ರಿಯ ಒಂದು ತಿರುವು ಸುಮಾರು 5 ಅಡಿ ಪೈಪ್ ಹೆಚ್ಚಿಸಿದ ಲೆಕ್ಕ. ಡ್ರೈಯರನ್ನು ವಾಪಸ್ ತಳ್ಳುವಾಗ ಮೊದಲ ಸಲ ಪೈಪ್ ನಜ್ಜಿತು. ಮತ್ತೆ ಎಳೆದು ಸರಿಮಾಡಿ, ಟಾರ್ಚ್ ಬಿಟ್ಟು ನೋಡಿದ ಮೇಲೆಯೇ ಆನ್ ಮಾಡಿದೆ.

ಹೊರಗಿನ ಬಾಯಿಗೆ ಹಕ್ಕಿ ಬಾರದಿರಲೆಂದು ಯಾರೋ ಸಣ್ಣ ಜಾಲರಿ ಬಡಿದಿದ್ದರು. ಅರ್ಧ ಜುಂಗು ಅಲ್ಲೇ ತಡೆದಿತ್ತು! ಕಿತ್ತುಹಾಕಿದೆ. ತಾನಾಗಿ ತೆರೆದು ಮುಚ್ಚುವ ಮುಚ್ಚಳವೇ ಸಾಕು.

ಫಿಲ್ಟರನ್ನೂ ನಲ್ಲಿ ಕೆಳಗೆ ಹಿಡಿದೆ. ಬಲೆಯಿಂದ ಇಳಿಯಬೇಕಾದ ನೀರು ತಟ್ಟೆಯಲ್ಲಿ ನಿಂತ ಹಾಗೆ ನಿಂತಿತು. ಬಟ್ಟೆ ಮೃದುವಾಗಲೆಂದು ಡ್ರೈಯರ್‌ಗೆ ಹಾಕುವ ಹಾಳೆಗಳ ಜಿಡ್ಡು ಕಣ್ಣಿಗೆ ಕಾಣದ ಪೊರೆ ಕಟ್ಟಿತ್ತು. ಬಿಸಿನೀರು, ಸೋಪು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದ ಮೇಲೆ ನೀರು ಸರ್ರನೆ ಇಳಿಯಿತು. ಪೂರ್ತಿ ಒಣಗಿಸಿಯೇ ವಾಪಸ್ ಹಾಕಿದೆ.

ನಮ್ಮದು ಕರೆಂಟಿನದು, ಅದಕ್ಕೇ ನಾನೇ ಬಿಚ್ಚಿದೆ. ಗ್ಯಾಸ್ ಡ್ರೈಯರ್ ಆದರೆ ದಯವಿಟ್ಟು ಬಲ್ಲವರನ್ನು ಕರೆಸಿ. ಅದರ ಪೈಪ್ ಕಟ್ಟಿಕೊಂಡರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಮನೆಯೊಳಗೇ ಸೇರಬಹುದು. ಅದಕ್ಕೆ ವಾಸನೆಯೇ ಇಲ್ಲ ಅಲ್ವಾ.

ಈಗ ಡ್ರೈಯರ್ ಹಾಕಿ ಮಲಗುವುದಿಲ್ಲ, ಹೊರಗೂ ಹೋಗುವುದಿಲ್ಲ. ಟವೆಲ್‌ಗಳು ಮತ್ತೆ 45 ನಿಮಿಷಕ್ಕೆ ಒಣಗುತ್ತಿವೆ. ಒಂದು ಗಂಟೆ ಹಿಡಿದ ದಿನ ಮೊದಲು ಹೊರಗೆ ಹೋಗಿ ಆ ಮುಚ್ಚಳ ನೋಡುತ್ತೇನೆ.