ಬಿಸಿಲೇರುವ ಮುಂಚೆ ಬೊಡ್ಡೆಗೆ ಸುಣ್ಣ

ಕಲಬುರಗಿ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುತ್ತದೆ. ಮಾವು, ಲಿಂಬೆ, ಮೋಸಂಬಿ ಗಿಡಗಳ ತೊಗಟೆ ಮೊದಲು ಸುಡುವುದು ಪಡುವಣ ಮಗ್ಗುಲಲ್ಲಿ, ಇಳಿಹೊತ್ತಿನ ಬಿಸಿಲು ನೇರ ಬಡಿಯುವ ಕಡೆ. ಸುಟ್ಟ ತೊಗಟೆ ಸೀಳುತ್ತದೆ, ಸೀಳಿನಲ್ಲಿ ಕೊರಕ ಹುಳ ಸೇರುತ್ತದೆ. ಸುಣ್ಣದ ಬಿಳುಪು ಬಿಸಿಲನ್ನು ತಡೆಯುತ್ತದೆ, ಅಷ್ಟೇ. ಅದು ರೋಗದ ಮದ್ದಲ್ಲ. ಹೋಳಿಯ ಬೆನ್ನಿಗೇ ಬರುವ ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಈ ಕೆಲಸ ಮುಗಿದಿರಲಿ.

10 ಲೀಟರ್ ನೀರಿಗೆ ಎರಡೂವರೆಯಿಂದ ಮೂರು ಕೆ.ಜಿ. ಸುಟ್ಟ ಸುಣ್ಣದ ಹರಳು ಸಾಕು. ಹಳೆಯ ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ಹಾಕಿ, ಹರಳನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಹರಳಿನ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಆ ಕಾವಿಗೆ ಮೆತ್ತಗಾಗುತ್ತದೆ. ಕನ್ನಡಕ, ಕೈಗವಸು ಬೇಕೇ ಬೇಕು. ಕಣ್ಣಿಗೆ ಬಿದ್ದರೆ ಉಜ್ಜದೆ ಕಾಲು ಗಂಟೆಯಾದರೂ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ರಾತ್ರಿಯಿಡೀ ಆರಲು ಬಿಟ್ಟು ಬಟ್ಟೆಯಲ್ಲಿ ಸೋಸಿ. ಉದುರದಿರಲಿ ಎಂದು ಕಾಸಿದ ಮೈದಾ ಅಂಟು ಬೆರೆಸಬಹುದು. ಗೋಡೆಗೆ ಹಾಕುವಂತೆ ಉಪ್ಪು ಹಾಕಬೇಡಿ, ತೊಳೆದು ಬೇರಿಗೆ ಇಳಿಯುತ್ತದೆ.

ಬೊಡ್ಡೆಯ ಒಣ ಹೊಪ್ಪಳಿಕೆ, ಗೆದ್ದಲು ಮಣ್ಣನ್ನು ಗೋಣಿತಾಟಿನಿಂದ ಉಜ್ಜಿ ತೆಗೆಯಿರಿ. ಹಸಿ ತೊಗಟೆ ಕೆರೆಯಬೇಡಿ. ಬುಡದಿಂದ ಮೊದಲ ಕವಲಿನವರೆಗೆ ಸುತ್ತಲೂ ಬಳಿದು, ಒಣಗಿದ ಮೇಲೆ ಪಡುವಣ ಕಡೆ ಇನ್ನೊಂದು ಕೈ ಹಚ್ಚಿ. ಹಸಿರು ತೊಗಟೆಯ ಎಳೆ ಕಸಿ ಗಿಡಕ್ಕೆ ಅರ್ಧ ತೆಳುವಾದ ಸುಣ್ಣ, ಇಲ್ಲವೇ ತೊಗರಿ ಕಟ್ಟಿಗೆಯ ನೆರಳು ಸಾಕು. ಎಣ್ಣೆ ಪೇಂಟು ಮಾತ್ರ ಬೇಡವೇ ಬೇಡ: ತೊಗಟೆ ಉಸಿರಾಡುವ ರಂಧ್ರಗಳನ್ನು ಮುಚ್ಚುತ್ತದೆ. ರಸ್ತೆ ಬದಿಯ ಬೇವಿಗೆ ಬಳಿಯುವ ಬಿಳಿ ಪಟ್ಟಿ ವಾಹನದವರಿಗೆ ಕಾಣಲೆಂದು. ಬಲಿತ ಬೇವಿನ ದಪ್ಪ ತೊಗಟೆಗೆ ಅದರ ಅಗತ್ಯವಿಲ್ಲ.

ಲಿಂಬೆಯ ಬೊಡ್ಡೆಯಲ್ಲಿ ಅಂಟು ಸೋರುತ್ತಿದ್ದರೆ ಬರೀ ಸುಣ್ಣ ಹಚ್ಚಿ ಮುಚ್ಚಬೇಡಿ. ಕೊಳೆತ ಭಾಗವನ್ನು ಗಟ್ಟಿ ತೊಗಟೆ ಸಿಗುವವರೆಗೆ ಕೆತ್ತಿ ಬೋರ್ಡೋ ಮುಲಾಮು ಹಚ್ಚಿ. ಮುಲಾಮಿಗೆ ಒಂದು ಕೆ.ಜಿ. ಮೈಲುತುತ್ತವನ್ನು (ಕಾಪರ್ ಸಲ್ಫೇಟ್) ಐದು ಲೀಟರ್ ನೀರಿನಲ್ಲಿ, ಒಂದು ಕೆ.ಜಿ. ಸುಣ್ಣವನ್ನು ಇನ್ನೈದು ಲೀಟರಿನಲ್ಲಿ ಕರಗಿಸಿ. ಸುಣ್ಣ ಪೂರ್ತಿ ಆರಿದ ಮೇಲೆ ಎರಡನ್ನೂ ಒಟ್ಟಿಗೇ ಮೂರನೆಯ ಪ್ಲಾಸ್ಟಿಕ್ ಪಾತ್ರೆಗೆ ಸುರಿಯುತ್ತಾ ಕಲಸಿ. ತಿಕ್ಕಿ ತೊಳೆದ ಕುಡುಗೋಲಿನ ಅಲಗು ಅದ್ದಿ ನೋಡಿ: ಕೆಂಪು ಲೇಪ ಹತ್ತಿದರೆ ಸುಣ್ಣ ಕಡಿಮೆಯಾಗಿದೆ, ಇನ್ನಷ್ಟು ಸೇರಿಸಿ. ಅಂದೇ ಬಳಸಿ ಮುಗಿಸಿ. ಎರೆ ಭೂಮಿಯಲ್ಲಿ ಬುಡದ ಬಳಿ ನೀರು ನಿಂತರೆ ಅಂಟು ಮತ್ತೆ ಸೋರುತ್ತದೆ. ಬೊಡ್ಡೆಗೆ ಮಣ್ಣೇರಿಸಿ, ನೀರಿನ ಪಾತಿಯನ್ನು ಒಂದೂವರೆ ಅಡಿ ಆಚೆ ಸರಿಸಿ.