ಕೆಂಪಿಯ ಗೋಣಿಚೀಲ, ಗುಂಡನ ಹಾಲುಹಲ್ಲು

ನಮ್ಮ ಕೆಂಪಿಗೆ ಹತ್ತು ವರ್ಷ. ಬೀದಿಯಲ್ಲಿ ಸಿಕ್ಕಿದ ನಾಟಿ ನಾಯಿ. ಮೈಸೂರಿನ ನಮ್ಮ ಮನೆಯಲ್ಲಿ ಇಷ್ಟು ವರ್ಷ ಅವಳೊಬ್ಬಳೇ. ಈಗೀಗ ಹಿಂಗಾಲು ನೋವು, ಮಳೆಗಾಲದಲ್ಲಿ ಜಾಸ್ತಿ. ಕಳೆದ ವರ್ಷ ನಂಜನಗೂಡಿನ ದೊಡ್ಡಮ್ಮನ ಮನೆ ನಾಯಿ ಐದು ಮರಿ ಹಾಕಿತು. ಒಂದನ್ನು ನಾವು ತರೋಣ ಅಂದುಕೊಂಡೆವು.

ಎಂಟು ವಾರ ತುಂಬುವ ತನಕ ಕಾದೆವು. ತಾಯಿ ಮತ್ತು ಉಳಿದ ಮರಿಗಳ ಜೊತೆ ಆಡುತ್ತಲೇ ಮರಿ ಎಷ್ಟು ಜೋರಾಗಿ ಕಚ್ಚಬಾರದು ಅಂತ ಕಲಿಯುತ್ತದೆ. ತರುವುದಕ್ಕೆ ಒಂದು ವಾರ ಮುಂಚೆ, ಮರಿಗಳು ಮಲಗಿದ್ದ ಹಳೆ ಟವೆಲ್ ತಂದು ಹಾಲ್‌ನಲ್ಲಿ ಇಟ್ಟೆ. ಕೆಂಪಿ ಬಹಳ ಹೊತ್ತು ಮೂಸಿದಳು. ಆಮೇಲೆ ಅದರ ಗೊಡವೆಗೇ ಹೋಗಲಿಲ್ಲ.

ಮೊದಲ ಭೇಟಿ ಮನೆಯೊಳಗೆ ಬೇಡ, ಹಳೆ ನಾಯಿ ತನ್ನದು ಅಂದುಕೊಳ್ಳದ ಜಾಗದಲ್ಲಿ ಆಗಲಿ ಅಂತಾರೆ. ಸರಿಯಾದ ಮಾತೇ. ಆದರೆ ಲಸಿಕೆ ಮುಗಿಯದ ಮರಿಯನ್ನು ಪಾರ್ಕಿಗೆ ಒಯ್ಯುವ ಹಾಗಿಲ್ಲ. ಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆಯೋ ಮೂರು-ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೂ ನಡೆಯುತ್ತದೆ. ಎದುರು ಮನೆಯವರು ನಾಯಿ ಸಾಕಿಲ್ಲ, ಅವರ ಕಾರ್ ಶೆಡ್ ಕೇಳಿಕೊಂಡೆವು. ಪಾರ್ವೋಗೆ ಫಿನಾಯಿಲ್ ಸಾಲದು, ಅದಕ್ಕೇ ಬ್ಲೀಚಿಂಗ್ ಪುಡಿ ಹಾಕಿ ನೆಲ ತೊಳೆದೆವು. ತಮ್ಮ ಕೆಂಪಿಯ ಹಗ್ಗವನ್ನು ಸಡಿಲವಾಗಿ ಹಿಡಿದಿದ್ದ. ಅವಳು ಮರಿಯ ಹಿಂಭಾಗ ಮೂಸಿ ಮುಖ ತಿರುಗಿಸಿದಳು. ಹತ್ತು ನಿಮಿಷ, ಅಷ್ಟೇ. ಮನೆಗೆ ಮೊದಲು ಕಾಲಿಟ್ಟಿದ್ದು ಕೆಂಪಿ, ಹಿಂದೆ ಮರಿ, ನಮ್ಮ ಗುಂಡ.

ತಪ್ಪು ಮಾಡಿದ್ದು ನಾನು, ಎರಡನೇ ದಿನ ಸಂಜೆ. ಮೆಟ್ಟಿಲ ಕೆಳಗೆ ಕೆಂಪಿಯ ಗೋಣಿಚೀಲ ಇದೆ. ಗುಂಡ ಸೀದಾ ಅದರ ಮೇಲೆ ಹೋಗಿ ಅವಳ ಕಿವಿಗೆ ಜೋತುಬಿದ್ದ. ಸೂಜಿಯಂಥ ಹಲ್ಲು. ಅವಳು ಗುರ್ ಅಂದಳು. ನಾನು "ಏಯ್ ಕೆಂಪಿ, ಸುಮ್ನಿರು!" ಅಂತ ಗದರಿದೆ. ಮಾರನೆ ದಿನವೂ ಹಾಗೇ ಮಾಡಿದೆ. ನಾಲ್ಕನೇ ದಿನ ಅವಳು ಗುರ್ ಅನ್ನಲೇ ಇಲ್ಲ, ನೇರ ಬಾಯಿ ಹಾಕಿದಳು. ಗುಂಡನ ಮೂಗಿನ ಮೇಲೆ ಗೀರು, ಒಂದು ಹನಿ ರಕ್ತ. ಅವನ ಕಿರುಚಾಟಕ್ಕೆ ನನ್ನ ಎದೆ ಧಸಕ್ಕಂತು.

ಅಮ್ಮ ಅಂದರು, "ಪಾಪ, ಅವಳೇನು ಮಾಡ್ತಾಳೆ? ಬೇಡ ಅಂತ ಹೇಳಿದ್ಲು, ನೀನು ಬಾಯಿ ಮುಚ್ಚಿಸ್ದೆ."

ಆಮೇಲೆ ಅವಳನ್ನೇ ನೋಡುತ್ತಾ ಕೂತೆ. ಗುರ್ ಅನ್ನುವ ಮೊದಲೇ ಎಷ್ಟೋ ಹೇಳುತ್ತಾಳೆ. ಮೈ ಸೆಟೆಯುತ್ತದೆ, ಮುಖ ಆ ಕಡೆ ತಿರುಗುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ, ತುಟಿಯ ಒಂದು ಅಂಚು ಮೇಲೇಳುತ್ತದೆ. ಎರಡು ತಿಂಗಳ ಮರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಗೊತ್ತಾಗಬೇಕಾದ್ದು ನನಗೆ. ಅವತ್ತಿನಿಂದ ತುಟಿ ಮೇಲೆದ್ದರೆ ಸಾಕು, ಕೆಂಪಿಗೆ ಏನೂ ಅನ್ನದೆ ಗುಂಡನನ್ನು ಎತ್ತಿಕೊಂಡು ಬರುತ್ತಿದ್ದೆ.

ಗೋಣಿಚೀಲವನ್ನು ಒಂದಡಿ ಎತ್ತರದ ಹಳೆ ಟೀಪಾಯ್ ಮೇಲೆ ಹಾಕಿದೆ. ನೋವಿದ್ದರೂ ಅವಳು ಹತ್ತಬಲ್ಲಳು, ಅವನಿಗೆ ಆಗದು. ಮನೆಯಲ್ಲಿ ಅವಳಿಗೆ ನೆಮ್ಮದಿ ಸಿಕ್ಕಿದ್ದೇ ಅಲ್ಲಿಂದ. ಬೆಳಗಿನ ಸುತ್ತಾಟ ಅವಳೊಬ್ಬಳ ಜೊತೆ, ಮೊದಲಿನ ಹಾಗೇ. ಊಟ ಬೇರೆ ಬೇರೆ ಕೋಣೆಯಲ್ಲಿ, ನಡುವೆ ಬಾಗಿಲು ಹಾಕಿ. ಒಮ್ಮೆ ಬಾಗಿಲು ಮರೆತಾಗ ಕೆಂಪಿ ಮರಿಯ ಊಟ ಪೂರ್ತಿ ತಿಂದು ಎರಡು ದಿನ ಭೇದಿಯಿಂದ ಒದ್ದಾಡಿದಳು.

ಇನ್ನೊಂದು, ಮರಿಗೆ ನಿದ್ದೆ ಬೇಕು. ದಿನಕ್ಕೆ 18 ಗಂಟೆಯಾದರೂ. ಸಂಜೆ ಗುಂಡ ಹುಚ್ಚು ಹಿಡಿದವನಂತೆ ಕಚ್ಚುತ್ತಿದ್ದದ್ದು ನಿದ್ದೆಗೆಟ್ಟು. ಒಂದು ಗಂಟೆ ಆಡಿದ ಮೇಲೆ ಕ್ರೇಟ್‌ಗೆ, ಅಂದರೆ ಅವನು ಮಲಗುವ ಪಂಜರಕ್ಕೆ, ಹಾಕಿ ಬಟ್ಟೆ ಮುಚ್ಚಿದರೆ ಎರಡೇ ನಿಮಿಷಕ್ಕೆ ಗೊರಕೆ.

ಆರನೇ ವಾರ ಕೆಂಪಿ ಅಂಗಳದಲ್ಲಿ ಮುಂಗಾಲು ಚಾಚಿ, ಹಿಂಭಾಗ ಎತ್ತಿ ಅವನನ್ನು ಆಟಕ್ಕೆ ಕರೆದಳು. ವರ್ಷಗಳಿಂದ ಅವಳು ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ಅರೆ ನಿಮಿಷ ಓಡಿ ಸುಸ್ತಾಗಿ ಕೂತಳು.

ಅಷ್ಟರಲ್ಲಿ ಗುಂಡ ಟೀಪಾಯ್ ಹತ್ತುವಷ್ಟು ಬೆಳೆದ. ನಾವು ಕಂಡರೆ ಇಳಿಸುತ್ತಿದ್ದೆವು. ಅವನಿಗೆ ನಾಲ್ಕೂವರೆ ತಿಂಗಳಿದ್ದಾಗ, ಒಂದು ಬೆಳಿಗ್ಗೆ ಗೋಣಿಚೀಲ ಕೊಡವಿದೆ. ನೆಲಕ್ಕೆ ಏನೋ ಟಪ್ ಅಂತ ಬಿತ್ತು. ಅಕ್ಕಿಕಾಳಿನಷ್ಟು ಒಂದು ಹಾಲುಹಲ್ಲು. ರಾತ್ರಿ ನಾವು ಮಲಗಿದ ಮೇಲೆ ಅವನು ಎಲ್ಲಿ ಮಲಗುತ್ತಿದ್ದ ಅಂತ ಆಗ ಗೊತ್ತಾಯಿತು.